ವಾತ, ಪಿತ್ತ, ಕಫ: ನಮ್ಮ ಮೈಯ ಲೆಕ್ಕ ನಾವೇ ತಿಳಿಯೋಣ

(ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ನಡೆದ ಆರೋಗ್ಯ ತರಬೇತಿಯಲ್ಲಿ ನೀಡಿದ ಉಪನ್ಯಾಸ)



ಸಂಘದ ವಾರದ ಸಭೆಯಲ್ಲಿ ಉಳಿತಾಯ, ಸಾಲ, ಮರುಪಾವತಿ ಎಲ್ಲ ಬರೆದು ಮುಗಿದ ಮೇಲೆ ಮಾತು ಎಲ್ಲಿಗೆ ತಿರುಗುತ್ತದೆ ಹೇಳಿ? ಹೆಚ್ಚಾಗಿ ಮೈಕೈ ನೋವಿನ ಕಡೆಗೆ. "ಸೊಂಟಕ್ಕೆ ವಾಯು ಹಿಡ್ಕೊಂಡಿದೆ", "ಪಿತ್ತ ಜಾಸ್ತಿಯಾಗಿ ತಲೆ ಸುತ್ತುತ್ತೆ", "ಮೈಯೆಲ್ಲ ಉಷ್ಣ", "ಎದೆಯಲ್ಲಿ ಕಫ ಕಟ್ಟಿದೆ". ಯಾವ ಜಾತಿ, ಯಾವ ಧರ್ಮದವರಾದರೂ ನಮ್ಮೆಲ್ಲರ ಬಾಯಲ್ಲೂ ಇವೇ ಮಾತು. ಇವು ಆಯುರ್ವೇದದಿಂದ ಅಜ್ಜಿಯರ ಮೂಲಕ ನಮ್ಮ ಅಡುಗೆಮನೆಗೆ ಬಂದ ಮಾತುಗಳು. ಮಾತು ಉಳಿದುಕೊಂಡಿತು, ಅದರ ಅರ್ಥ ಮಾತ್ರ ಅರ್ಧಂಬರ್ಧ ಉಳಿಯಿತು. ಅರ್ಧ ತಿಳಿದ ಮಾತು ಕೆಲವೊಮ್ಮೆ ನಮಗೇ ತೊಂದರೆ ತರುತ್ತದೆ. ಆದ್ದರಿಂದ ಈ ದಿನ ಮೂರು ವಿಷಯ ತಿಳಿಯೋಣ. ನಮ್ಮ ದೇಹ ಪ್ರಕೃತಿ ಯಾವುದು? ಅದನ್ನು ಹದದಲ್ಲಿ ಇಟ್ಟುಕೊಳ್ಳುವುದು ಹೇಗೆ? ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೋಗಲೇಬೇಕಾದದ್ದು ಯಾವಾಗ?

ಮೂರು ದೋಷಗಳು ಎಂದರೇನು?

ದೋಷ ಎಂದ ಕೂಡಲೇ ತಪ್ಪು, ಶಾಪ ಎಂದು ಯಾರೂ ತಿಳಿಯಬೇಡಿ. ಚರಕ, ಸುಶ್ರುತ, ವಾಗ್ಭಟ ಮುಂತಾದ ಹಿಂದಿನ ವೈದ್ಯರು ದೇಹ ನಡೆಸುವ ಮೂರು ಶಕ್ತಿಗಳಿಗೆ ಕೊಟ್ಟ ಹೆಸರು ಅದು. ಹದದಲ್ಲಿದ್ದರೆ ಇವು ಮೈಯನ್ನು ಕಾಯುತ್ತವೆ, ಹದ ತಪ್ಪಿದರೆ ಕೆಡಿಸುತ್ತವೆ.

ವಾತ ಎಂದರೆ ಚಲನೆ. ಉಸಿರಾಟ, ಕೈಕಾಲು ಆಡುವುದು, ಮಲಮೂತ್ರ ಹೊರಗೆ ಹೋಗುವುದು, ಹೆರಿಗೆಯಲ್ಲಿ ಮಗು ಹೊರಬರುವುದು ಎಲ್ಲವೂ ವಾತದ ಕೆಲಸ. ಗಾಳಿಯಂತೆ ಅದು ಒಣ, ತಣ್ಣಗೆ, ಹಗುರ.

ಪಿತ್ತ ಎಂದರೆ ಬೆಂಕಿ. ತಿಂದದ್ದನ್ನು ಅರಗಿಸುವುದು, ಮೈಯ ಬಿಸಿ, ಹಸಿವು, ಬಾಯಾರಿಕೆ ಇವೆಲ್ಲ ಪಿತ್ತದ ಕೆಲಸ.

ಕಫ ಎಂದರೆ ಜಿಗುಟು, ತಂಪು, ಭಾರ. ಕೀಲುಗಳಿಗೆ ಎಣ್ಣೆಯಂತೆ ಇರುವುದು, ಮೈಗೆ ಬಲ ಮತ್ತು ತಾಳ್ಮೆ ಕೊಡುವುದು ಅದರ ಕೆಲಸ.

ಅಡುಗೆಮನೆಯನ್ನೇ ನೋಡಿ. ಒಲೆಗೆ ಗಾಳಿ, ಬೆಂಕಿ, ಪಾತ್ರೆಯಲ್ಲಿ ನೀರು ಮೂರೂ ಬೇಕು. ಗಾಳಿ ಜಾಸ್ತಿಯಾದರೆ ಬೆಂಕಿ ಆಚೀಚೆ ಹಾರುತ್ತದೆ, ಬೆಂಕಿ ಜಾಸ್ತಿಯಾದರೆ ತಳ ಹಿಡಿಯುತ್ತದೆ, ನೀರು ಜಾಸ್ತಿಯಾದರೆ ಹಿಟ್ಟು ಗಟ್ಟಿಯಾಗುವುದಿಲ್ಲ. ಮೈಯೂ ಹಾಗೆಯೇ.

ನಮ್ಮ ಪ್ರಕೃತಿ ಯಾವುದು?

ಹುಟ್ಟಿನಿಂದ ಬಂದ ಸ್ವಭಾವಕ್ಕೆ ಪ್ರಕೃತಿ ಎನ್ನುತ್ತಾರೆ. ಒಂದೇ ಮನೆಯ ಇಬ್ಬರು ವಾರಗಿತ್ತಿಯರು ಒಂದೇ ಊಟ ಮಾಡಿದರೂ ಒಬ್ಬರಿಗೆ ಹೊಟ್ಟೆ ಉಬ್ಬರಿಸುತ್ತದೆ, ಇನ್ನೊಬ್ಬರಿಗೆ ಏನೂ ಆಗುವುದಿಲ್ಲ. ಅದಕ್ಕೆ ಪ್ರಕೃತಿಯ ವ್ಯತ್ಯಾಸವೇ ಕಾರಣ ಎನ್ನುತ್ತದೆ ಆಯುರ್ವೇದ.

ವಾತ ಪ್ರಕೃತಿಯವರು ಸಾಮಾನ್ಯವಾಗಿ ತೆಳ್ಳಗಿರುತ್ತಾರೆ. ಚರ್ಮ ಒಣ, ಹಿಮ್ಮಡಿ ಬೇಗ ಒಡೆಯುತ್ತದೆ. ಮಾತು, ನಡಿಗೆ, ಕೆಲಸ ಎಲ್ಲ ಚುರುಕು. ಹಸಿವು ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ. ನಿದ್ದೆ ಕಡಿಮೆ, ಚಳಿ ತಡೆಯುವುದಿಲ್ಲ, ಯೋಚನೆ ಜಾಸ್ತಿ.

ಪಿತ್ತ ಪ್ರಕೃತಿಯವರದು ಮಧ್ಯಮ ಮೈಕಟ್ಟು. ಬೆವರು ಹೆಚ್ಚು, ಬಿಸಿಲು ಆಗದು. ಹೊತ್ತಿಗೆ ಸರಿಯಾಗಿ ಊಟ ಸಿಗದಿದ್ದರೆ ಸಿಟ್ಟು ಬರುತ್ತದೆ. ಕೂದಲು ಬೇಗ ನರೆಯುತ್ತದೆ. ಹುಳಿತೇಗು, ಬಾಯಿಹುಣ್ಣು ಬೇಗ ಕಾಣುತ್ತವೆ. ಬುದ್ಧಿ ಚುರುಕು, ಲೆಕ್ಕ ತಪ್ಪಿದರೆ ಸಹಿಸುವುದಿಲ್ಲ.

ಕಫ ಪ್ರಕೃತಿಯವರದು ತುಂಬಿದ ಮೈ. ಚರ್ಮ ನುಣುಪು, ಕೂದಲು ದಟ್ಟ. ನಿದ್ದೆ ಚೆನ್ನಾಗಿ ಬರುತ್ತದೆ. ಎಲ್ಲದಕ್ಕೂ ನಿಧಾನ, ಆದರೆ ತಾಳ್ಮೆ ದೊಡ್ಡದು. ಬೇಗ ದಪ್ಪ ಆಗುತ್ತಾರೆ, ಚಳಿಗಾಲದಲ್ಲಿ ಶೀತ, ಕೆಮ್ಮು ಬಿಡುವುದಿಲ್ಲ.

ಇದನ್ನು ಕೇಳಿ "ನಾನು ಅರ್ಧ ವಾತ, ಅರ್ಧ ಪಿತ್ತ" ಎಂದು ನಿಮಗೆ ಅನ್ನಿಸಿದರೆ ಅದು ಸರಿಯೇ. ಒಂದೊಂದೇ ಮೂರು, ಎರಡೆರಡು ಬೆರೆತು ಮೂರು, ಮೂರೂ ಸಮವಾಗಿ ಒಂದು, ಹೀಗೆ ಒಟ್ಟು ಏಳು ಬಗೆ ಎಂದು ಲೆಕ್ಕ. ಬೆರೆತ ಪ್ರಕೃತಿಯವರೇ ಹೆಚ್ಚು. ಒಂದು ಗುರುತು ನೋಡಿ ತೀರ್ಮಾನ ಮಾಡಬೇಡಿ. ಚಿಕ್ಕಂದಿನಿಂದ ಹೇಗಿದ್ದೇವೆ ಎಂಬುದು ಪ್ರಕೃತಿ, ಈ ತಿಂಗಳು ಹೇಗಾಗಿದ್ದೇವೆ ಎಂಬುದು ವಿಕೃತಿ. ಮೊದಲು ಗಟ್ಟಿಮುಟ್ಟಾಗಿದ್ದವರು ಈಚೆಗೆ ಸೊರಗಿ ಸಣ್ಣಗಾಗಿದ್ದರೆ ಅವರು ವಾತ ಪ್ರಕೃತಿಯವರಾಗಲಿಲ್ಲ, ಅವರಿಗೆ ಏನೋ ಕಾಯಿಲೆ ಇರಬಹುದು. ಈ ವ್ಯತ್ಯಾಸ ದಯವಿಟ್ಟು ನೆನಪಿಡಿ.

ಯಾವ ಪ್ರಕೃತಿಯೂ ಮೇಲಲ್ಲ, ಯಾವುದೂ ಕೀಳಲ್ಲ. ದಪ್ಪಗಿರುವ ಸೊಸೆಯನ್ನು ಸೋಮಾರಿ ಎನ್ನುವುದು, ತೆಳ್ಳಗಿರುವವಳಿಗೆ ಬಲವಿಲ್ಲ ಎನ್ನುವುದು ನಿಲ್ಲಲಿ. ದೇವರು ಒಬ್ಬೊಬ್ಬರಿಗೆ ಒಂದೊಂದು ಮೈ ಕೊಟ್ಟಿದ್ದಾರೆ.

ಊರು, ಕಾಲ, ವಯಸ್ಸು

ಪ್ರಕೃತಿಯ ಜೊತೆಗೆ ದೇಶ ಮತ್ತು ಕಾಲವನ್ನೂ ನೋಡಬೇಕು ಎನ್ನುತ್ತದೆ ಆಯುರ್ವೇದ. ನೀರು ಹೆಚ್ಚಿರುವ ನೆಲಕ್ಕೆ ಆನೂಪ, ಒಣ ನೆಲಕ್ಕೆ ಜಾಂಗಲ, ಎರಡರ ನಡುವಿನದಕ್ಕೆ ಸಾಧಾರಣ ಎಂದು ಹೆಸರು. ನಮ್ಮ ಜಿಲ್ಲೆಯಲ್ಲಿ ಈ ಮೂರಕ್ಕೂ ಹೋಲುವ ನೆಲ ಇದೆ. ಸಕಲೇಶಪುರದ ಕಡೆ ಮಳೆಯ ಮಲೆನಾಡು. ಚನ್ನರಾಯಪಟ್ಟಣದ ಕಡೆ ತೆಂಗು, ರಾಗಿ ಬೆಳೆಯುವ ಒಣ ಬಯಲು. ಹಾಸನ, ಅರಕಲಗೂಡು, ಹೊಳೆನರಸೀಪುರ ನಡುವೆ ಬರುತ್ತವೆ. ಒಣ ಸೀಮೆಯಲ್ಲಿ ವಾತ ಬೇಗ ಕೆರಳುತ್ತದೆ, ನೀರಿನ ಸೀಮೆಯಲ್ಲಿ ಕಫ.

ಕಾಲವೂ ಹಾಗೆಯೇ. ಚಳಿಯಲ್ಲಿ ಕೂಡಿದ ಕಫ ಯುಗಾದಿಯ ಸುಮಾರಿಗೆ ಬಿಸಿಲೇರಿದಾಗ ಕರಗಿ ಕೆರಳುತ್ತದೆ. ಮಳೆ ಹಿಡಿದಾಗ ವಾತ ಕೆರಳುತ್ತದೆ, ಕೀಲುನೋವು ಏಳುತ್ತದೆ. ಮಳೆ ಬಿಟ್ಟು ದಸರಾ, ದೀಪಾವಳಿಯ ಹೊತ್ತಿಗೆ ಪಿತ್ತದ ಕಾಲ.

ವಯಸ್ಸಿನಲ್ಲೂ ಲೆಕ್ಕ ಇದೆ. ಬಾಲ್ಯದಲ್ಲಿ ಕಫ, ನಡುವಯಸ್ಸಿನಲ್ಲಿ ಪಿತ್ತ, ಮುಪ್ಪಿನಲ್ಲಿ ವಾತ ಹೆಚ್ಚು. ದಿನದಲ್ಲಿ ಬೆಳಿಗ್ಗೆ ಕಫ, ನಡು ಮಧ್ಯಾಹ್ನ ಪಿತ್ತ, ಸಂಜೆ ವಾತ. ಮಧ್ಯಾಹ್ನ ಜೀರ್ಣಶಕ್ತಿ ಬಲವಾಗಿರುವುದರಿಂದ ದೊಡ್ಡ ಊಟ ಮಧ್ಯಾಹ್ನವೇ ಆಗಬೇಕು. ನಾವು ಮಾಡುವುದೇನು? ಬೆಳಿಗ್ಗೆ ಒಂದು ಲೋಟ ಟೀ, ಮಧ್ಯಾಹ್ನ ಸಿಕ್ಕಿದ್ದು, ರಾತ್ರಿ ಹತ್ತಕ್ಕೆ ಎಲ್ಲರದೂ ಆದ ಮೇಲೆ ಉಳಿದದ್ದು.

ನಮ್ಮ ಅಡುಗೆಮನೆಯಲ್ಲೇ ಇರುವ ಹದ

ದುಬಾರಿ ಔಷಧಿಗೆ ಮುಂಚೆ ತಟ್ಟೆ ನೋಡಿಕೊಳ್ಳೋಣ.

ವಾತ ಹೆಚ್ಚಿದಾಗ: ಬಿಸಿಯಾದ, ಮೆತ್ತಗಿನ, ಸ್ವಲ್ಪ ಜಿಡ್ಡಿರುವ ಊಟ. ಬಿಸಿ ಹಿಟ್ಟಿನ ಜೊತೆ ಹೆಸರುಕಾಳು ಸಾರು, ಒಂದು ಚಮಚ ತುಪ್ಪ. ತಂಗಳು, ಒಣ ತಿಂಡಿ, ಅವರೆಕಾಳು, ಆಲೂಗಡ್ಡೆ ಕಡಿಮೆ ಮಾಡಿ. ಅವರೆಕಾಯಿ ಕಾಲದಲ್ಲಿ ಬಿಡುವುದಕ್ಕೆ ಆಗುತ್ತದೆಯೇ? ತಿನ್ನಿ, ಆದರೆ ಇಂಗು, ಶುಂಠಿ, ಬೆಳ್ಳುಳ್ಳಿ ಮರೆಯಬೇಡಿ. ವಾರಕ್ಕೊಮ್ಮೆ ಎಳ್ಳೆಣ್ಣೆ ಹಚ್ಚಿ ಬಿಸಿನೀರು ಸ್ನಾನ ಮಾಡಿ.

ಪಿತ್ತ ಹೆಚ್ಚಿದಾಗ: ನೀರು ಮಜ್ಜಿಗೆ, ಎಳನೀರು, ಸೌತೆಕಾಯಿ, ಬೂದುಗುಂಬಳ, ಸೋರೆಕಾಯಿ, ನೆಲ್ಲಿಕಾಯಿ. ಕೊತ್ತಂಬರಿ ಬೀಜ ರಾತ್ರಿ ನೆನೆಸಿ ಬೆಳಿಗ್ಗೆ ಆ ನೀರು ಕುಡಿಯಬಹುದು. ಹಸಿಮೆಣಸಿನಕಾಯಿ, ಉಪ್ಪಿನಕಾಯಿ, ಹುರುಳಿಕಾಳು, ಖಾಲಿ ಹೊಟ್ಟೆಗೆ ಟೀ ಕಡಿಮೆ ಆಗಲಿ. ತಲೆಗೆ ಕೊಬ್ಬರಿ ಎಣ್ಣೆ ಅಥವಾ ಹರಳೆಣ್ಣೆ ಒಳ್ಳೆಯದು.

ಕಫ ಹೆಚ್ಚಿದಾಗ: ಹುರುಳಿಕಾಳು ಬಸ್ಸಾರು, ಮೆಣಸಿನ ಸಾರು, ಶುಂಠಿ ಕಷಾಯ, ಮೆಂತ್ಯ. ಮೊಸರು, ಸಿಹಿ, ಎಣ್ಣೆಯಲ್ಲಿ ಕರಿದದ್ದು ಕಡಿಮೆ. ಹಗಲು ನಿದ್ದೆ ಬೇಡ, ನಡಿಗೆ ಬೇಕು.

ನಮ್ಮ ಸೀಮೆಯ ರಾಗಿಯನ್ನು ಯಾರೂ ಬಿಡಬೇಕಾಗಿಲ್ಲ. ಜೊತೆಗೆ ಕಲಸಿಕೊಳ್ಳುವುದನ್ನು ಕಾಲಕ್ಕೆ ತಕ್ಕಂತೆ ಬದಲಿಸಿದರೆ ಸಾಕು. ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಹೇಳಿ ನಗುತ್ತೇವೆ. ಆದರೆ ಹಿತ್ತಲಲ್ಲಿ ನುಗ್ಗೆ, ಕರಿಬೇವು, ದೊಡ್ಡಪತ್ರೆ ಇರುವ ಮನೆಗೆ ಅರ್ಧ ಖರ್ಚು ಉಳಿಯುತ್ತದೆ.

ನಾವು ದಿನಾ ತಡೆಯುವ ಐದು

ಈಗ ಮುಖ್ಯ ಮಾತಿಗೆ ಬರೋಣ. ಮೈಯ ಹದ ತಪ್ಪುವುದು ಬರೀ ತಿನ್ನುವುದರಿಂದ ಅಲ್ಲ. ಚರಕ ಸಂಹಿತೆಯಲ್ಲಿ ತಡೆಯಬಾರದ 13 ವೇಗಗಳನ್ನು ಹೇಳಿದ್ದಾರೆ. ವೇಗ ಎಂದರೆ ಮೈ ತಾನಾಗಿ ಕೇಳುವ ಕೆಲಸ. ಸೀನು, ಆಕಳಿಕೆ, ತೇಗು ಇವೆಲ್ಲ ಅದರಲ್ಲಿ ಬರುತ್ತವೆ. ಅವುಗಳಲ್ಲಿ ಐದನ್ನು ಕೇಳಿ: ಹಸಿವು, ಬಾಯಾರಿಕೆ, ಮೂತ್ರ, ನಿದ್ದೆ, ಕಣ್ಣೀರು. ಇವನ್ನು ತಡೆದರೆ ವಾತ ಕೆರಳಿ ರೋಗ ಬರುತ್ತದೆ ಎಂದು ಆ ಹಿರಿಯರು ಎಷ್ಟೋ ಶತಮಾನಗಳ ಹಿಂದೆಯೇ ಬರೆದಿಟ್ಟರು.

ಈ ಐದನ್ನೂ ನಾವು ಹೆಂಗಸರು ದಿನಾ ತಡೆಯುತ್ತೇವೆ, ಅಲ್ವಾ? ಯಜಮಾನರು, ಮಕ್ಕಳು, ಅತ್ತೆ ಮಾವ ಎಲ್ಲರೂ ಉಂಡ ಮೇಲೆ ನಮ್ಮ ಊಟ. ಹಸಿವನ್ನು ಟೀ ಕುಡಿದು ಸಾಯಿಸುತ್ತೇವೆ. ಹೇಮಾವತಿ ನಾಲೆಯ ಗದ್ದೆಯಲ್ಲಿ ನಾಟಿಗೆ ಇಳಿದರೆ, ಶುಂಠಿ ಹೊಲದಲ್ಲಿ ಕಳೆಗೆ ಕೂತರೆ, ಗಾರ್ಮೆಂಟ್ಸ್ ಮೆಷಿನ್ ಮುಂದೆ ಕೂತರೆ, ಎದ್ದು ಹೋಗಲು ಜಾಗವಿಲ್ಲ ಅಥವಾ ನಾಚಿಕೆ. ಅದಕ್ಕೆ ನೀರೇ ಕುಡಿಯುವುದಿಲ್ಲ. ಆಮೇಲೆ ಉರಿಮೂತ್ರ ಬಂದರೆ "ಉಷ್ಣ ಆಗಿದೆ" ಎನ್ನುತ್ತೇವೆ. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಮಲಗುತ್ತೇವೆ. ಅಳು ಬಂದರೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತೇವೆ.

ಸಹೋದರಿಯರೇ, ಯಾವ ಲೇಹ್ಯವೂ ಇದನ್ನು ಸರಿಮಾಡುವುದಿಲ್ಲ. ಉಳಿತಾಯ ಕಟ್ಟದೆ ಸಾಲ ಮಾತ್ರ ತೆಗೆಯುತ್ತಿದ್ದರೆ ಸಂಘ ಎಷ್ಟು ದಿನ ನಡೆದೀತು? ಮೈಯಿಂದಲೂ ನಾವು ಸಾಲ ತೆಗೆಯುತ್ತಲೇ ಇದ್ದೇವೆ. ಹೊತ್ತಿಗೆ ಊಟ, ಸಾಕಷ್ಟು ನೀರು, ಏಳು ಗಂಟೆ ನಿದ್ದೆ, ಮನಸ್ಸು ಬಿಚ್ಚಿ ಮಾತಾಡಲು ಒಬ್ಬ ಗೆಳತಿ, ಇವೇ ಮೈಗೆ ಕಟ್ಟುವ ಕಂತು. ಸಂತ ಪೌಲರು ನಮ್ಮ ದೇಹವನ್ನು ದೇವಾಲಯಕ್ಕೆ ಹೋಲಿಸಿದರು. ದೇವಾಲಯಕ್ಕೆ ದೀಪ ಹಚ್ಚದೆ, ಗುಡಿಸದೆ ನಾವು ಬಿಡುತ್ತೇವೆಯೇ?

"ಉಷ್ಣ", "ಪಿತ್ತ" ಎಂಬ ಹೆಸರಿನ ಹಿಂದೆ ಅಡಗುವ ಕಾಯಿಲೆ

ದೋಷದ ಹೆಸರು ಹೇಳಿ ಸುಮ್ಮನಿದ್ದುಬಿಟ್ಟರೆ ಅಪಾಯ. ಸಂಘಗಳಲ್ಲಿ ನಾವು ಮತ್ತೆ ಮತ್ತೆ ಕೇಳುವ ಕೆಲವು ಮಾತುಗಳನ್ನು ಇಲ್ಲಿ ಹೇಳುತ್ತೇವೆ.

1. "ಸುಸ್ತು, ತಲೆಸುತ್ತು, ಪಿತ್ತ ಇರಬೇಕು." ರಕ್ತ ಕಡಿಮೆ ಇದ್ದರೂ ಹೀಗೇ ಆಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ನೂರು ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಅಂದರೆ ಇಪ್ಪತ್ತು ಜನರ ಸಂಘದಲ್ಲಿ ಒಂಬತ್ತು ಹತ್ತು ಜನ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ, ಗರ್ಭಿಣಿಯರಲ್ಲಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ಲೆಕ್ಕ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡುತ್ತಾರೆ.

2. "ಕಬ್ಬಿಣದ ಮಾತ್ರೆ ಉಷ್ಣ, ನಾನು ಬಿಟ್ಟುಬಿಟ್ಟೆ." ಈ ಮಾತು ಕೇಳಿದಾಗ ನಮಗೆ ಬಹಳ ಸಂಕಟವಾಗುತ್ತದೆ. ಗರ್ಭಿಣಿಗೆ 180 ದಿನ, ಹೆರಿಗೆ ಆದ ಮೇಲೆ 180 ದಿನ ಈ ಮಾತ್ರೆಯನ್ನು ಸರ್ಕಾರ ಉಚಿತವಾಗಿ ಕೊಡುತ್ತದೆ. ಮಲ ಕಪ್ಪಾಗುವುದು, ಸ್ವಲ್ಪ ಹೊಟ್ಟೆ ತೊಳಸುವುದು ಮಾತ್ರೆಯ ಗುಣ, ಅದರಿಂದ ಕೇಡಿಲ್ಲ. ರಾತ್ರಿ ಊಟ ಆದ ಮೇಲೆ ನಿಂಬೆಹಣ್ಣಿನ ನೀರಿನ ಜೊತೆ ತೆಗೆದುಕೊಳ್ಳಿ. ಟೀ, ಕಾಫಿ, ಹಾಲಿನ ಜೊತೆ ಬೇಡ, ಮೈ ಕಬ್ಬಿಣ ಹೀರಿಕೊಳ್ಳುವುದನ್ನು ಅವು ತಡೆಯುತ್ತವೆ. ಮಲಬದ್ಧತೆ ಆದರೆ ಸೊಪ್ಪು, ನೀರು ಹೆಚ್ಚು ಮಾಡಿ, ತಡೆಯದಿದ್ದರೆ ವೈದ್ಯರನ್ನು ಕೇಳಿ. ತಾವಾಗಿಯೇ ಬಿಡಬೇಡಿ. ಆಯುರ್ವೇದ ಕೂಡ ಪಾಂಡುರೋಗಕ್ಕೆ, ಅಂದರೆ ಮೈ ಬಿಳಿಚಿಕೊಳ್ಳುವ ರೋಗಕ್ಕೆ, ಕಬ್ಬಿಣದಿಂದ ಮಾಡಿದ ಔಷಧಿಯನ್ನೇ ಕೊಡುತ್ತದೆ. ಹಾಗಿರುವಾಗ ಮಾತ್ರೆಯನ್ನು ಮಾತ್ರ ಉಷ್ಣ ಎಂದು ಯಾಕೆ ದೂರುವುದು?

3. "ಬಿಳಿ ಹೋಗುತ್ತೆ, ಉಷ್ಣಕ್ಕೆ." ಸ್ವಲ್ಪ ಹೋಗುವುದು ಸಹಜ. ವಾಸನೆ, ತುರಿಕೆ, ಹಳದಿ ಬಣ್ಣ, ಕೆಳಹೊಟ್ಟೆ ನೋವು ಇದ್ದರೆ ಸೋಂಕು ಇರಬಹುದು. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ ಒಂದು ದಿನವೂ ಮುಚ್ಚಿಡಬೇಡಿ. ಗರ್ಭಕೋಶದ ಕ್ಯಾನ್ಸರ್ ಬೇಗ ಗೊತ್ತಾದರೆ ಗುಣಪಡಿಸಬಹುದು.

4. "ಹೊಗೆಸೊಪ್ಪು ಮುರಿಯಲು ಹೋಗಿದ್ದೆ, ಪಿತ್ತ ಕೆರಳಿ ವಾಂತಿ ಆಯ್ತು." ಅರಕಲಗೂಡಿನ ಕಡೆಯ ಸದಸ್ಯೆಯರು ಇದನ್ನು ಚೆನ್ನಾಗಿ ಬಲ್ಲರು. ಇಬ್ಬನಿ, ಮಳೆಯಿಂದ ಒದ್ದೆಯಾದ ಎಲೆ ಮುಟ್ಟಿದಾಗ ಅದರ ನಿಕೋಟಿನ್ ಚರ್ಮದ ಮೂಲಕ ಒಳಗೆ ಹೋಗುತ್ತದೆ. ತಲೆಸುತ್ತು, ವಾಂತಿ, ತಲೆನೋವು ಬರುವುದು ಅದರಿಂದ. ಮಜ್ಜಿಗೆ ಕುಡಿದರೆ ಆ ವಿಷ ಹೋಗುವುದಿಲ್ಲ. ಎಲೆ ಒಣಗಿದ ಮೇಲೆ ಮುರಿಯಿರಿ. ಉದ್ದ ತೋಳಿನ ಅಂಗಿ, ಕೈಗವಸು ಹಾಕಿ. ಕೆಲಸ ಮುಗಿದ ಕೂಡಲೇ ಸೋಪು ಹಾಕಿ ಮೈ ತೊಳೆದು ಬಟ್ಟೆ ಬದಲಿಸಿ. ಗರ್ಭಿಣಿಯರು ಈ ಕೆಲಸಕ್ಕೆ ಹೋಗಬಾರದು.

5. "ಎದೆಯಲ್ಲಿ ವಾಯು ಸೇರಿಕೊಂಡಿದೆ." ಎದೆ ಹಿಡಿದಂತಾಗಿ ಬೆವರು, ಉಸಿರುಕಟ್ಟು, ಎಡಗೈ, ದವಡೆ ಅಥವಾ ಬೆನ್ನಿಗೆ ಹರಡುವ ನೋವು ಇದ್ದರೆ ಓಮ, ಸೋಡ ಎಂದು ಹೊತ್ತು ಕಳೆಯಬೇಡಿ. 108ಕ್ಕೆ ಫೋನ್ ಮಾಡಿ.

ಔಷಧಿ ತೆಗೆದುಕೊಳ್ಳುವಾಗ

ಆಯುರ್ವೇದದ ಔಷಧಿಗೆ ಅಡ್ಡಪರಿಣಾಮವೇ ಇಲ್ಲ ಎನ್ನುವುದು ಸರಿಯಲ್ಲ. ಕೆಲವು ಔಷಧಿಗಳಲ್ಲಿ ಪಾದರಸ, ಸೀಸದಂಥ ಲೋಹಗಳು ಇರುತ್ತವೆ. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಮಾರುವ ಗಂಟುನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಎರಡೇ ದಿನದಲ್ಲಿ ನೋವು ಮಾಯವಾದರೆ ಖುಷಿಪಡುವ ಮೊದಲು ಅನುಮಾನಪಡಿ. ಪೊಟ್ಟಣದ ಮೇಲೆ ತಯಾರಕರ ಹೆಸರು, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಾದ ಮತ್ತು ಮುಗಿಯುವ ದಿನಾಂಕ ಇರಬೇಕು. ಇಲ್ಲದ್ದನ್ನು ಕೊಳ್ಳಬೇಡಿ, ಅದಕ್ಕಾಗಿ ಸಂಘದಿಂದ ಸಾಲವನ್ನೂ ತೆಗೆಯಬೇಡಿ.

ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಕಷಾಯ ನಂಬಿ ಮಾತ್ರೆ ನಿಲ್ಲಿಸಬಾರದು. ಆಯುರ್ವೇದ ಚಿಕಿತ್ಸೆಯೇ ಬೇಕು ಎಂದರೆ ಓದಿದ ವೈದ್ಯರ ಹತ್ತಿರ ಹೋಗಿ. ನಮ್ಮ ಜಿಲ್ಲೆಯ ಪುಣ್ಯ, ಹಾಸನದ ತಣ್ಣೀರುಹಳ್ಳದಲ್ಲಿ 1992ರಲ್ಲಿ ಆರಂಭವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜು ಮತ್ತು ಆಸ್ಪತ್ರೆ ಇದೆ. ನಾಡಿ, ನಾಲಗೆ, ಹೊಟ್ಟೆ ಎಲ್ಲ ನೋಡಿ ಪ್ರಕೃತಿ ಹೇಳುವುದು ಅಂಥ ವೈದ್ಯರ ಕೆಲಸ. ಯಾವ ವೈದ್ಯರ ಹತ್ತಿರ ಹೋದರೂ ಈಗಾಗಲೇ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ತೋರಿಸಿ.

ಸಂಘದಲ್ಲಿ ನಾವು ಏನು ಮಾಡಬಹುದು?

ಕೇಳಿ ಮನೆಗೆ ಹೋದರೆ ಮರೆತುಹೋಗುತ್ತದೆ. ಆದ್ದರಿಂದ ಮುಂದಿನ ಸಭೆಯ ನಡಾವಳಿ ಪುಸ್ತಕದಲ್ಲಿ ಈ ನಾಲ್ಕು ತೀರ್ಮಾನ ಬರೆದುಕೊಳ್ಳಿ ಎಂದು ಕೇಳಿಕೊಳ್ಳುತ್ತೇವೆ.

1. ಎಲ್ಲ ಸದಸ್ಯೆಯರೂ ಒಟ್ಟಿಗೆ ಹೋಗಿ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್, ಬಿಪಿ, ಸಕ್ಕರೆ ಪರೀಕ್ಷೆ ಮಾಡಿಸುವುದು. ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿಸಿದರೆ ಅನುಕೂಲ.

2. ದಿನಕ್ಕೆ ಒಂದು ಹೊತ್ತಾದರೂ ಮನೆಯವರ ಜೊತೆ ಕೂತು ಬಿಸಿ ಊಟ ಮಾಡುವುದು. ಇದನ್ನು ಮನೆಯಲ್ಲಿ ಜಗಳ ಮಾಡಿ ಹೇಳಬೇಕಾಗಿಲ್ಲ. "ಸಂಘದಲ್ಲಿ ತೀರ್ಮಾನ ಆಗಿದೆ" ಎಂದರೆ ಸಾಕು.

3. ಕೂಲಿಗೆ ಹೋಗುವಾಗ ನೀರಿನ ಬಾಟಲಿ ಒಯ್ಯುವುದು. ಶೌಚಾಲಯಕ್ಕೆ ಹೋಗಲು ಜಾಗ, ಬಿಡುವು ಕೊಡಿ ಎಂದು ಜಮೀನಿನವರನ್ನು, ಮೇಸ್ತ್ರಿಯನ್ನು ಎಲ್ಲರೂ ಸೇರಿ ಕೇಳುವುದು. ಒಬ್ಬಳು ಕೇಳಿದರೆ ನಾಚಿಕೆ, ಇಪ್ಪತ್ತು ಜನ ಕೇಳಿದರೆ ಹಕ್ಕು.

4. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವ ಗರ್ಭಿಣಿ, ಬಾಣಂತಿಯನ್ನು ವಾರಕ್ಕೊಮ್ಮೆ ಒಬ್ಬ ಸದಸ್ಯೆ ಭೇಟಿ ಮಾಡಿ ವಿಚಾರಿಸುವುದು.

ಆರೋಗ್ಯವಂತರು ಯಾರು ಎಂಬುದಕ್ಕೆ ಸುಶ್ರುತರು ಹೇಳಿದ ಲಕ್ಷಣಗಳಲ್ಲಿ ದೋಷ, ಜೀರ್ಣಶಕ್ತಿ ಸಮವಾಗಿರುವುದರ ಜೊತೆಗೆ ಮನಸ್ಸು ಪ್ರಸನ್ನವಾಗಿರುವುದೂ ಸೇರಿದೆ. ಹೆಂಗಸಿನ ಮನಸ್ಸು ಪ್ರಸನ್ನವಾಗಿರಬೇಕಾದರೆ ಮನೆಯವರ ಪಾಲು ಇದೆ, ಊರಿನವರ ಪಾಲು ಇದೆ, ಸಂಘದ ಪಾಲೂ ಇದೆ. ವಾತ, ಪಿತ್ತ, ಕಫದ ಹೆಸರು ಮರೆತರೂ ಪರವಾಗಿಲ್ಲ. ಹಸಿವಾದಾಗ ಊಟ, ಬಾಯಾರಿದಾಗ ನೀರು, ದಣಿದಾಗ ನಿದ್ದೆ ನಮಗೂ ಸಲ್ಲಬೇಕು ಎಂಬುದನ್ನು ಮರೆಯಬೇಡಿ. ನಿಮ್ಮ ಹೆಣ್ಣುಮಕ್ಕಳು ಇದನ್ನು ನಿಮ್ಮನ್ನು ನೋಡಿಯೇ ಕಲಿಯುತ್ತಾರೆ.

 ದೇವರು ನಿಮಗೂ ನಿಮ್ಮ ಕುಟುಂಬಗಳಿಗೂ ಒಳ್ಳೆಯ ಆರೋಗ್ಯ ಕೊಟ್ಟು ಕಾಪಾಡಲಿ.